ಹೊಸ ಮಂಡಿಯ ನೋವೂ ಹಿಮದ ಕಣಿವೆಯೂ

ಸವೆದುಹೋದ ಮಂಡಿಯ ಕೀಲನ್ನು ಶಸ್ತ್ರಕ್ರಿಯೆಯಿಂದ ಬದಲಾಯಿಸಿಕೊಂಡ ರೋಗಿ, ಇನ್ನು ಹತ್ತು ಹದಿನೈದು ದಿನ ಕಾಲನ್ನು ಅಲುಗಿಸದೆ ಹಾಸಿಗೆಯ ಮೇಲೆ ಮಲಗಿದ್ದರೆ ಸಾಕು, ಗಾಯ ತಾನಾಗಿ ಮಾಯುತ್ತದೆ ಎಂದು ಎಣಿಸಿರುವುದುಂಟು. ಈಗಿನ ಆಸ್ಪತ್ರೆಗಳ ಕ್ರಮ ಅದಕ್ಕೆ ಅವಕಾಶ ಕೊಡುವುದಿಲ್ಲ. ಶಸ್ತ್ರಕ್ರಿಯೆ ನಡೆದ ದಿನದ ಸಂಜೆಯೇ, ತಪ್ಪಿದರೆ ಮರುದಿನ ಬೆಳಗ್ಗೆ, ಫಿಸಿಯೋಥೆರಪಿಸ್ಟರು ಮಂಚದ ಬಳಿಗೆ ಬಂದು ನಿಲ್ಲುತ್ತಾರೆ. “ಏಳಿ ಅಜ್ಜಿ, ನಾಲ್ಕು ಹೆಜ್ಜೆ ನಡೆಯೋಣ” ಎನ್ನುತ್ತಾರೆ, ಮತ್ತೆ ಕೂರಿಸಿ, “ಈಗ ಮಂಡಿ ಮಡಿಸಿ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ” ಎನ್ನುತ್ತಾರೆ. ಮೂಳೆಯನ್ನು ಗರಗಸದಿಂದ ಕೊಯ್ದು, ಲೋಹವನ್ನು ಕೂರಿಸಿ, ಹೊಲಿಗೆ ಹಾಕಿ ಒಂದು ದಿನವೂ ತುಂಬಿರದ ಕೀಲು ಅದು. ಮಡಿಸಿದರೆ ಪ್ರಾಣ ಹೋದಂತಾಗುತ್ತದೆ. ಮಡಿಸದಿದ್ದರೆ ವೆಚ್ಚ ಮಾಡಿದ ಹಣವೂ ಪಟ್ಟ ಕಷ್ಟವೂ ಬಹುಮಟ್ಟಿಗೆ ವ್ಯರ್ಥವಾಗುತ್ತವೆ.

ಈ ಇಕ್ಕಟ್ಟಿನಲ್ಲಿ ರೋಗಿಗೆ ನೆರವಾಗಲೆಂದು ವೈದ್ಯರು ಪರೀಕ್ಷಿಸುತ್ತಿರುವ ಉಪಾಯಗಳಲ್ಲಿ ಒಂದು, ಮೊದಲ ಸಲ ಕೇಳಿದವರಿಗೆ ನಗು ತರಿಸುವಂಥದು. ರೋಗಿಯ ಕಣ್ಣಿಗೆ ಒಂದು ದೊಡ್ಡ ಕನ್ನಡಕವನ್ನು ಕಟ್ಟಿ, ಎಲ್ಲಿಯೂ ಇಲ್ಲದ ಲೋಕವೊಂದನ್ನು ಅವನಿಗೆ ತೋರಿಸುವುದೇ ಆ ಉಪಾಯ. ವರ್ಚುಯಲ್ ರಿಯಾಲಿಟಿ ಎಂದು ಹೆಸರಾದ ಈ ತಂತ್ರವನ್ನು ನಾವು ಇಲ್ಲಿ ಮಿಥ್ಯಾವಾಸ್ತವ ಎಂದು ಕರೆಯೋಣ. ಹುಡುಗರ ಆಟಕ್ಕೆಂದು ಅಂಗಡಿಯಲ್ಲಿ ಮಾರುವ ಸಾಧನ ಶಸ್ತ್ರಕ್ರಿಯೆಯ ನೋವನ್ನು ಹೇಗೆ ತಗ್ಗಿಸೀತು? ಇದಕ್ಕೆ ಉತ್ತರ ಕನ್ನಡಕದಲ್ಲಿರುವುದಕ್ಕಿಂತ ಹೆಚ್ಚಾಗಿ ನೋವಿನ ಸ್ವರೂಪದಲ್ಲಿಯೇ ಇದೆ. ಆದರೆ ಮೊದಲು ಮಂಡಿಯ ಮಾತನ್ನು ಮುಗಿಸಬೇಕು.

ಮಂಡಿಯ ಬದಲಾವಣೆ ಎಂದರೆ ಇಡೀ ಮಂಡಿಯನ್ನು ಕಿತ್ತು ಹೊಸದನ್ನು ಇಡುತ್ತಾರೆಂದು ಅರ್ಥವಲ್ಲ. ತೊಡೆಯ ಮೂಳೆಯ ಕೆಳತುದಿಗೂ ಕಣಕಾಲಿನ ಮೂಳೆಯ ಮೇಲ್ತುದಿಗೂ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುತ್ತದೆ. ಸಂಧಿವಾತದಿಂದ ಈ ಹೊದಿಕೆ ಸವೆದು ಮೂಳೆಗೆ ಮೂಳೆ ಉಜ್ಜತೊಡಗಿದಾಗ ಪ್ರತಿ ಹೆಜ್ಜೆಯೂ ಯಾತನೆಯಾಗುತ್ತದೆ. ಶಸ್ತ್ರವೈದ್ಯನು ಹಾಳಾದ ತುದಿಗಳನ್ನು ಕೆಲವು ಮಿಲಿಮೀಟರುಗಳಷ್ಟು ಕೊಯ್ದು ತೆಗೆದು, ಮೇಲಿನ ಮೂಳೆಗೆ ಕೋಬಾಲ್ಟ್ ಮತ್ತು ಕ್ರೋಮಿಯಮ್‌ಗಳ ಮಿಶ್ರಲೋಹದ ಟೊಪ್ಪಿಗೆಯನ್ನೂ ಕೆಳಗಿನ ಮೂಳೆಗೆ ಲೋಹದ ತಟ್ಟೆಯನ್ನೂ ತೊಡಿಸುತ್ತಾನೆ. ಎರಡರ ನಡುವೆ, ಮೃದ್ವಸ್ಥಿಯ ಸ್ಥಾನದಲ್ಲಿ, ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಕೂಡುತ್ತದೆ.

ಇದು ಒಂದೇ ದಿನದಲ್ಲಿ ಸಿದ್ಧಿಸಿದ ವಿದ್ಯೆಯಲ್ಲ. ೧೮೯೦ರಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ ಎಂಬ ಶಸ್ತ್ರವೈದ್ಯನು ಕ್ಷಯದಿಂದ ಹಾಳಾದ ಮಂಡಿಗೆ ಆನೆಯ ದಂತದಲ್ಲಿ ಕೆತ್ತಿದ ಕೀಲನ್ನು ಕೂರಿಸಿದನು. ಸಾಹಸ ದೊಡ್ಡದಾಗಿತ್ತು, ಆದರೆ ಸೋಂಕು ಅದಕ್ಕೆ ಉಳಿಗಾಲ ಕೊಡಲಿಲ್ಲ. ಇಂದಿನ ಮಂಡಿಗಳಿಗೆ ಮೂಲಪುರುಷನೆನ್ನಬಹುದಾದ ಕೀಲು ರೂಪುಗೊಂಡದ್ದು ನ್ಯೂಯಾರ್ಕಿನಲ್ಲಿ, ೧೯೭೪ರಲ್ಲಿ. ಅದನ್ನು ರಚಿಸಿದ ಜಾನ್ ಇನ್ಸಾಲ್ ಮತ್ತು ಅವರ ಸಂಗಡಿಗರಲ್ಲಿ ಭಾರತದಲ್ಲಿ ಹುಟ್ಟಿ ಬೆಳೆದ ಚಿತರಂಜನ್ ರಾಣಾವತ್ ಒಬ್ಬರು. ಪ್ರಧಾನಿಯಾಗಿದ್ದ ಅಟಲ ಬಿಹಾರಿ ವಾಜಪೇಯಿಯವರ ಎಡಮಂಡಿಯನ್ನು ೨೦೦೦ದ ಅಕ್ಟೋಬರಿನಲ್ಲಿಯೂ ಬಲಮಂಡಿಯನ್ನು ೨೦೦೧ರ ಜೂನಿನಲ್ಲಿಯೂ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಬದಲಾಯಿಸಿದವರು ಇದೇ ರಾಣಾವತ್. ನಮ್ಮ ದೇಶದ ಸಾಮಾನ್ಯ ಜನರು ಈ ಶಸ್ತ್ರಕ್ರಿಯೆಯ ಹೆಸರನ್ನು ಮನೆಮನೆಯಲ್ಲಿ ಆಡುವಂತಾದದ್ದರಲ್ಲಿ ಆ ವಾರ್ತೆಯ ಪಾಲೂ ಇದ್ದಿರಬೇಕು.

ಕೀಲು ಎಷ್ಟು ಚೆನ್ನಾಗಿ ಕೂತರೂ ಅದು ಬಾಗದಿದ್ದರೆ ಪ್ರಯೋಜನವಿಲ್ಲ. ಸಮನೆಲದ ಮೇಲೆ ನಡೆಯಲು ಮಂಡಿ ಸುಮಾರು ೬೭ ಡಿಗ್ರಿ ಬಾಗಬೇಕಾಗುತ್ತದೆ. ಮೆಟ್ಟಿಲು ಹತ್ತಲು ಸುಮಾರು ೮೩, ಕುರ್ಚಿಯಿಂದ ಏಳಲು ೯೩, ಕುಳಿತು ಬೂಟಿನ ದಾರ ಕಟ್ಟಲು ೧೦೬ ಡಿಗ್ರಿಗಳು ಬೇಕು. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವ ನಮ್ಮ ಪದ್ಧತಿಗೆ ಇದಕ್ಕಿಂತ ಬಹಳ ಹೆಚ್ಚು ಬಾಗು ಬೇಕು. ಕೃತಕ ಮಂಡಿಯವರಿಗೆ ವೈದ್ಯರು ಸಾಮಾನ್ಯವಾಗಿ ಅದನ್ನು ಬಿಟ್ಟುಬಿಡಲು ಹೇಳುತ್ತಾರೆ. ಬಾಗಿನ ಈ ಡಿಗ್ರಿಗಳನ್ನು ಗಳಿಸಿಕೊಳ್ಳಲು ರೋಗಿಗೆ ಸಿಗುವ ಕಾಲ ಕೆಲವೇ ವಾರಗಳು. ಅಷ್ಟರೊಳಗೆ ಕೀಲಿನ ಸುತ್ತ ಗಾಯದ ನಾರು ಬೆಳೆದು ಬಿಗಿಯತೊಡಗುತ್ತದೆ. ಇನ್ನೊಂದೆಡೆ ತೊಡೆಯ ಮುಂಭಾಗದ ದೊಡ್ಡ ಸ್ನಾಯು, ಏಟು ತಿಂದ ಕೀಲಿನಿಂದ ಬರುವ ಸುದ್ದಿಗೆ ಬೆದರಿದಂತೆ, ಕೆಲಸವನ್ನೇ ನಿಲ್ಲಿಸುತ್ತದೆ. ಶಸ್ತ್ರಕ್ರಿಯೆಯಾದ ಒಂದು ತಿಂಗಳಿಗೆ ಅದರ ಶಕ್ತಿ ಮೊದಲಿದ್ದುದಕ್ಕಿಂತ ನೂರಕ್ಕೆ ೬೦ರಷ್ಟು ಕುಗ್ಗಿರುವುದನ್ನು ಅಳೆದು ನೋಡಿದ್ದಾರೆ. ನೋವಿಗೆ ಅಂಜಿ ವ್ಯಾಯಾಮವನ್ನು ಮುಂದೂಡಿದವನ ಮಂಡಿ ಬಿಗಿದುಕೊಂಡರೆ, ಮತ್ತೆ ಅರಿವಳಿಕೆ ಕೊಟ್ಟು ವೈದ್ಯರೇ ಅದನ್ನು ಬಲವಂತವಾಗಿ ಬಾಗಿಸಬೇಕಾದ ಪ್ರಸಂಗವೂ ಬರುತ್ತದೆ.

ಆದ್ದರಿಂದ ಇಲ್ಲಿ ನೋವನ್ನು ತಗ್ಗಿಸುವುದು ಬರಿಯ ದಯೆಯ ಕಾರ್ಯವಲ್ಲ, ಚಿಕಿತ್ಸೆಯ ಒಂದು ಅಂಗ. ವೈದ್ಯರ ಬಳಿ ಅಸ್ತ್ರಗಳೂ ಕಡಿಮೆಯಿಲ್ಲ. ತೊಡೆಯ ನರದ ಸುತ್ತ ಮದ್ದು ಚುಚ್ಚಿ ಅದನ್ನು ಮರಗಟ್ಟಿಸುತ್ತಾರೆ, ಪ್ಯಾರಾಸಿಟಮಾಲನ್ನೂ ಉರಿಯೂತ ತಗ್ಗಿಸುವ ಮಾತ್ರೆಗಳನ್ನೂ ಕೊಡುತ್ತಾರೆ, ಮಂಜುಗಡ್ಡೆಯ ಚೀಲ ಇಡುತ್ತಾರೆ. ಇಷ್ಟಾದರೂ ಉಳಿಯುವ ನೋವಿಗೆ ಅಫೀಮಿನ ವಂಶದ ಮಾರ್ಫೀನ್ ಮೊದಲಾದ ಔಷಧಗಳಿವೆ. ಇವು ಬಲಶಾಲಿಗಳು, ಆದರೆ ಓಕರಿಕೆ, ಮಲಬದ್ಧತೆ, ತೂಕಡಿಕೆಗಳನ್ನು ತರುತ್ತವೆ, ಪ್ರಮಾಣ ಮೀರಿದರೆ ಉಸಿರಾಟವನ್ನೇ ಅಡಗಿಸುತ್ತವೆ. ತೂಕಡಿಸುವ ಮುದುಕನಿಗೆ ವ್ಯಾಯಾಮ ಮಾಡಿಸುವುದು ಹೇಗೆ? ಜೊತೆಗೆ ಚಟದ ಭಯ. ಅಮೆರಿಕದಲ್ಲಿ ೧೯೯೦ರ ದಶಕದಿಂದ ಈ ವರ್ಗದ ಮಾತ್ರೆಗಳನ್ನು ಉದಾರವಾಗಿ ಬರೆದುಕೊಟ್ಟದ್ದು ಒಂದು ಮಹಾ ಅನರ್ಥಕ್ಕೆ ಬಾಗಿಲು ತೆರೆಯಿತು. ೨೦೨೧ ಒಂದೇ ವರ್ಷದಲ್ಲಿ ಅಲ್ಲಿ ಅಫೀಮು ವರ್ಗದ ಮದ್ದುಗಳ ಅತಿಸೇವನೆಯಿಂದ ೮೦,೦೦೦ಕ್ಕೂ ಹೆಚ್ಚು ಮಂದಿ ಸತ್ತರು. ಇವರಲ್ಲಿ ಹೆಚ್ಚಿನವರನ್ನು ಕೊಂದದ್ದು ಕಳ್ಳಪೇಟೆಯ ಫೆಂಟನಿಲ್, ಆಸ್ಪತ್ರೆಯ ಮಾತ್ರೆಯಲ್ಲ, ನಿಜ. ಆದರೂ ಔಷಧವಲ್ಲದ ನೋವುನಿವಾರಕವೊಂದಕ್ಕಾಗಿ ಆ ದೇಶದ ವೈದ್ಯರು ಆತುರದಿಂದ ಹುಡುಕುತ್ತಿರುವುದೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ನೋವಿನ ವಿಚಾರ. ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟೆಯ ಮರಣದ ನಂತರ, ೧೬೬೪ರಲ್ಲಿ, ಪ್ರಕಟವಾದ ಗ್ರಂಥವೊಂದರಲ್ಲಿ ಒಂದು ಪ್ರಸಿದ್ಧ ಚಿತ್ರವಿದೆ. ಹುಡುಗನೊಬ್ಬನ ಪಾದ ಬೆಂಕಿಯ ಬಳಿಯಿದೆ. ಪಾದದಿಂದ ಮಿದುಳಿನವರೆಗೆ ಒಂದು ಎಳೆ ಹೋಗಿದೆ. ಹಗ್ಗದ ಈ ತುದಿಯನ್ನು ಎಳೆದರೆ ಆ ತುದಿಯ ಗಂಟೆ ಬಾರಿಸುವಂತೆ, ಪಾದ ಸುಟ್ಟರೆ ಮಿದುಳಿನಲ್ಲಿ ನೋವಿನ ಗಂಟೆ ಬಾರಿಸುತ್ತದೆ ಎಂಬುದು ಅವನ ವಾದ. ಹಗ್ಗವನ್ನು ಎಷ್ಟು ಜೋರಾಗಿ ಎಳೆದರೆ ಗಂಟೆ ಅಷ್ಟು ಜೋರು. ಗಾಯ ಎಷ್ಟು ದೊಡ್ಡದೋ ನೋವೂ ಅಷ್ಟು ದೊಡ್ಡದು. ಈ ಕಲ್ಪನೆ ಎಷ್ಟು ಸಹಜವೆಂದರೆ ನಮ್ಮಲ್ಲಿ ಬಹುಮಂದಿ ಇಂದಿಗೂ ನೋವನ್ನು ಹೀಗೆಯೇ ತಿಳಿದಿದ್ದೇವೆ.

ಹಗ್ಗ ಇರುವುದೇನೋ ದಿಟ. ಚರ್ಮದಲ್ಲಿಯೂ ಕೀಲುಗಳಲ್ಲಿಯೂ ಅಪಾಯವನ್ನು ಅರಿಯುವ ನರತಂತುಗಳಿವೆ. ಅವುಗಳಲ್ಲಿ ಕೆಲವು ಸುದ್ದಿಯನ್ನು ಸೆಕೆಂಡಿಗೆ ೫ರಿಂದ ೩೦ ಮೀಟರು ವೇಗದಲ್ಲಿ ಒಯ್ಯುತ್ತವೆ. ಇನ್ನು ಕೆಲವು ಬಲು ಸೋಮಾರಿಗಳು, ಅವುಗಳ ವೇಗ ಸೆಕೆಂಡಿಗೆ ೨ ಮೀಟರನ್ನೂ ಮೀರುವುದಿಲ್ಲ. ಕತ್ತಲೆಯಲ್ಲಿ ಕಾಲ್ಬೆರಳನ್ನು ಹೊಸ್ತಿಲಿಗೆ ಎಡವಿದಾಗ ಮೊದಲು ಚುಚ್ಚಿದಂತೆ ಒಂದು ನೋವು, ಅರೆಗಳಿಗೆಯ ನಂತರ ಮಂದವಾಗಿ ಹರಡುವ ಇನ್ನೊಂದು ನೋವು ಬರುವುದು ಈ ಎರಡು ಜಾತಿಯ ತಂತುಗಳಿಂದಲೇ. ಮುಂದಿನ ಸಲ ಎಡವಿದಾಗ ಗಮನಿಸಬಹುದು.

ಆದರೆ ಗಂಟೆ ಮಾತ್ರ ಡೆಕಾರ್ಟೆ ಹೇಳಿದಂತೆ ಬಾರಿಸುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ, ೧೯೪೪ರಲ್ಲಿ, ಇಟಲಿಯ ಆಂಜಿಯೊ ಕಡಲ ತೀರದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ಹೆನ್ರಿ ಬೀಚರ್ ಎಂಬ ಅಮೆರಿಕನ್ ವೈದ್ಯರು ವಿಚಿತ್ರವೊಂದನ್ನು ಕಂಡರು. ಮೂಳೆ ಮುರಿದ, ಹೊಟ್ಟೆ ಸೀಳಿದ ಸೈನಿಕರಲ್ಲಿ ಮುಕ್ಕಾಲು ಪಾಲು ಜನ, ನೋವಿಗೆ ಮದ್ದು ಬೇಕೇ ಎಂದು ಕೇಳಿದರೆ, ಬೇಡವೆನ್ನುತ್ತಿದ್ದರು. ಅವರ ಮೈ ಮರಗಟ್ಟಿರಲಿಲ್ಲ. ಚುಚ್ಚುಮದ್ದಿನ ಸೂಜಿ ತಗುಲಿದರೆ ನೋಯುತ್ತಿತ್ತು. ರಣರಂಗದಲ್ಲಿ ಸಾವಿನ ಬಾಯಿಂದ ತಪ್ಪಿಸಿಕೊಂಡು ಬಂದವನಿಗೆ ಗಾಯವೆಂದರೆ ಮನೆಗೆ ಮರಳುವ ರಹದಾರಿ. ನಾಗರಿಕನಿಗೆ ಅಷ್ಟೇ ಗಾಯ ಒಂದು ದುರಂತ. ಗಾಯದ ಗಾತ್ರಕ್ಕೂ ನೋವಿನ ಗಾತ್ರಕ್ಕೂ ನೇರ ಸಂಬಂಧವಿಲ್ಲವೆಂದು ಬೀಚರ್ ೧೯೪೬ರಲ್ಲಿ ಬರೆದರು.

ಹಾಗಾದರೆ ನಡುವೆ ಯಾರೋ ಹಗ್ಗವನ್ನು ಹಿಡಿದಿದ್ದಾರೆ. ೧೯೬೫ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ಒಂದು ಬಾಗಿಲು ಇರುವಂತೆ ಭಾವಿಸಬಹುದೆಂದು ಸೂಚಿಸಿದರು. ನೋವಿನ ಸುದ್ದಿ ಮಿದುಳಿಗೆ ಹೋಗಬೇಕಾದರೆ ಈ ಬಾಗಿಲನ್ನು ದಾಟಬೇಕು. ಸ್ಪರ್ಶವನ್ನು ತಿಳಿಸುವ ದಪ್ಪ ತಂತುಗಳು ಅದನ್ನು ಮುಚ್ಚಬಲ್ಲವು. ತಲೆಗೆ ಬಾಗಿಲು ಬಡಿದಾಗ ಮಗುವಿನ ತಾಯಿ ಆ ಜಾಗವನ್ನು ಉಜ್ಜುವುದು ನಿರರ್ಥಕವಲ್ಲ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಮಿದುಳೂ ಮೇಲಿನಿಂದ ಆಜ್ಞೆ ಕಳುಹಿಸಿ ಈ ಬಾಗಿಲನ್ನು ಮುಚ್ಚಿಸಬಲ್ಲದು. ಈ ವಾದದ ಹಲವು ವಿವರಗಳು ಮುಂದೆ ತಿದ್ದುಪಡಿಯಾದವು, ತಿರುಳು ಉಳಿಯಿತು. ೧೯೬೯ರಲ್ಲಿ ಡೇವಿಡ್ ರೆನಾಲ್ಡ್ಸ್, ಇಲಿಯ ನಡುಮಿದುಳಿನ ಒಂದು ನೆಲೆಗೆ ವಿದ್ಯುತ್ತನ್ನು ಹಾಯಿಸಿ, ಬೇರೆ ಅರಿವಳಿಕೆಯಿಲ್ಲದೆ ಅದರ ಹೊಟ್ಟೆಯ ಶಸ್ತ್ರಕ್ರಿಯೆ ಮಾಡಿದನು. ೧೯೭೫ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಸ್ ಎಂಬವರು, ಮಿದುಳು ತಾನೇ ತಯಾರಿಸಿಕೊಳ್ಳುವ ಮಾರ್ಫೀನಿನಂಥ ವಸ್ತುಗಳನ್ನು ಹಂದಿಯ ಮಿದುಳಿನಿಂದ ಬೇರ್ಪಡಿಸಿದರು. ಗಸಗಸೆ ಗಿಡದ ರಸ ನಮ್ಮ ನೋವನ್ನು ತಗ್ಗಿಸುವುದು, ದೇಹದ ಸ್ವಂತ ಬೀಗಕ್ಕೆ ಅದು ಆಕಸ್ಮಿಕವಾಗಿ ಹೊಂದುವ ಕಳ್ಳ ಕೀಲಿಕೈ ಆಗಿರುವುದರಿಂದ.

ಆ ಬೀಗವನ್ನು ಗಮನ ತೆರೆಯಬಲ್ಲದೆ? ಜರ್ಮನಿಯ ಹ್ಯಾಂಬರ್ಗ್ ನಗರದ ಸಂಶೋಧಕರು ೨೦೧೨ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಬಹಳ ಸ್ವಾರಸ್ಯವಾದುದು. ಆರೋಗ್ಯವಂತರಾದ ಸ್ವಯಂಸೇವಕರ ತೋಳಿಗೆ ನೋಯುವಷ್ಟು ಬಿಸಿ ತಗುಲಿಸಿ, ಅದೇ ಹೊತ್ತಿನಲ್ಲಿ ಅವರಿಗೆ ಜ್ಞಾಪಕಶಕ್ತಿಯ ಲೆಕ್ಕವನ್ನು ಕೊಟ್ಟರು. ಒಮ್ಮೆ ಸುಲಭವಾದದ್ದು, ಒಮ್ಮೆ ಕಠಿನವಾದದ್ದು. ಕಠಿನವಾದ ಲೆಕ್ಕದಲ್ಲಿ ಮುಳುಗಿದ್ದಾಗ ನೋವು ಕಡಿಮೆಯೆಂದು ಅವರು ಹೇಳಿದರು. ಹೇಳಿದ್ದಷ್ಟೇ ಅಲ್ಲ, ಆಗ ಅವರ ಬೆನ್ನುಹುರಿಯಲ್ಲಿಯೇ ನೋವಿನ ಚಟುವಟಿಕೆ ತಗ್ಗಿದ್ದುದು ಕಾಂತೀಯ ಚಿತ್ರಣದಲ್ಲಿ ಕಂಡುಬಂತು. ಮಾರ್ಫೀನಿನ ಕೆಲಸವನ್ನು ತಡೆಯುವ ನಾಲಾಕ್ಸೋನ್ ಎಂಬ ಮದ್ದನ್ನು ಕೊಟ್ಟಾಗ ಈ ಲಾಭ ನೂರಕ್ಕೆ ೪೦ರಷ್ಟು ಕುಸಿಯಿತು. “ಮನಸ್ಸನ್ನು ಬೇರೆ ಕಡೆ ತಿರುಗಿಸು, ನೋವು ಮರೆಯುತ್ತದೆ” ಎಂಬ ಮನೆಯ ಹಿರಿಯರ ಮಾತು ಬರಿಯ ಸಮಾಧಾನವಲ್ಲ. ಗಮನ ಬೇರೆಡೆ ಹೋದಾಗ ನೋವಿನ ಸುದ್ದಿಯ ಒಂದಂಶ ಬೆನ್ನುಹುರಿಯ ಬಾಗಿಲಿನಲ್ಲಿಯೇ ತಡೆಹಿಡಿಯಲ್ಪಡುತ್ತದೆ.

ಮನಸ್ಸನ್ನು ತಿರುಗಿಸು ಎಂದು ಹೇಳುವುದು ಸುಲಭ; ಸುಟ್ಟಗಾಯದ ಪಟ್ಟಿಯನ್ನು ಬಿಚ್ಚುವಾಗ ಪುಸ್ತಕ ಓದುವುದು ಯಾರಿಂದಾದೀತು? ಗಮನವನ್ನು ಬೇಡಿ ಪಡೆಯಲಾಗದಿದ್ದರೆ ಕದಿಯಬೇಕು. ಮಿಥ್ಯಾವಾಸ್ತವದ ಕನ್ನಡಕ ಮಾಡುವ ಕೆಲಸ ಇದು. ಇದರ ತತ್ತ್ವ ಹಳೆಯದು. ನಮ್ಮ ಎರಡು ಕಣ್ಣುಗಳ ನಡುವೆ ಆರು ಸೆಂಟಿಮೀಟರಿಗೂ ತುಸು ಹೆಚ್ಚಿನ ಅಂತರವಿರುವುದರಿಂದ ಅವು ಒಂದೇ ವಸ್ತುವಿನ ಎರಡು ಬೇರೆ ಚಿತ್ರಗಳನ್ನು ಕಾಣುತ್ತವೆ, ಮಿದುಳು ಅವನ್ನು ಬೆಸೆದು ಆಳವನ್ನು ಅರಿಯುತ್ತದೆ ಎಂಬುದನ್ನು ಚಾರ್ಲ್ಸ್ ವೀಟ್‌ಸ್ಟನ್ ೧೮೩೮ರಲ್ಲಿಯೇ ತೋರಿಸಿಕೊಟ್ಟಿದ್ದನು. ಪ್ರತಿಯೊಂದು ಕಣ್ಣಿಗೂ ಬೇರೆ ಚಿತ್ರವನ್ನು ಒಡ್ಡಿದರೆ ಚಪ್ಪಟೆ ಹಾಳೆಯೂ ಆಳವಾಗಿ ಕಾಣುತ್ತದೆ. ೧೯೬೮ರಲ್ಲಿ ಐವನ್ ಸದರ್ಲೆಂಡ್ ಇದಕ್ಕೆ ಗಣಕಯಂತ್ರವನ್ನು ಜೋಡಿಸಿ, ತಲೆ ತಿರುಗಿದಂತೆ ದೃಶ್ಯವೂ ತಿರುಗುವ ಶಿರಸ್ತ್ರಾಣವನ್ನು ರಚಿಸಿದರು. ಅದು ಎಷ್ಟು ಭಾರವಾಗಿತ್ತೆಂದರೆ ಚಾವಣಿಯಿಂದ ತೂಗುಹಾಕಬೇಕಾಗಿತ್ತು. ಈಗಿನ ಕನ್ನಡಕದಲ್ಲಿ ಎರಡು ಸಣ್ಣ ಪರದೆಗಳೂ ಮಸೂರಗಳೂ ಇರುತ್ತವೆ. ತಲೆಯ ಚಲನೆಯನ್ನು ಕ್ಷಣಕ್ಷಣಕ್ಕೂ ಅಳೆಯುವ ಸೂಕ್ಷ್ಮ ಸಾಧನಗಳೂ ಇರುತ್ತವೆ. ತಲೆ ತಿರುಗುವುದಕ್ಕೂ ಚಿತ್ರ ಬದಲಾಗುವುದಕ್ಕೂ ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ವಿಳಂಬವಾಗಬಾರದು. ಆದರೆ, ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ಇನ್ನೊಂದು ಹೇಳುತ್ತದೆ, ಫಲವಾಗಿ ಘಟ್ಟದ ರಸ್ತೆಯ ಬಸ್ಸಿನಲ್ಲಾಗುವಂತೆ ಓಕರಿಕೆ ಬರುತ್ತದೆ.

ಟೆಲಿವಿಷನ್ನನ್ನು ನೋಡುವವನಿಗೆ ಪೆಟ್ಟಿಗೆಯ ಸುತ್ತ ಆಸ್ಪತ್ರೆಯ ಗೋಡೆ ಕಾಣುತ್ತದೆ, ದಾದಿಯ ಕೈಯ ಕತ್ತರಿ ಕಾಣುತ್ತದೆ. ಕನ್ನಡಕ ಧರಿಸಿದವನಿಗೆ ಅವು ಯಾವುವೂ ಇಲ್ಲ. ತಲೆ ತಿರುಗಿಸಿದ ಕಡೆಯೆಲ್ಲ ಆ ಬೇರೆ ಲೋಕವೇ ಇದೆ. ಅಲ್ಲಿ ಅವನಿಗೆ ಮಾಡಲು ಕೆಲಸವೂ ಇದೆ.

ಇದನ್ನು ನೋವಿಗೆ ಮದ್ದಾಗಿ ಮೊದಲು ಪರೀಕ್ಷಿಸಿದವರಲ್ಲಿ ಪ್ರಮುಖರು ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್. ಪ್ಯಾಟರ್ಸನ್ ಅಲ್ಲಿಯ ಹಾರ್ಬರ್‌ವ್ಯೂ ಆಸ್ಪತ್ರೆಯ ಸುಟ್ಟಗಾಯದ ವಿಭಾಗದಲ್ಲಿ ರೋಗಿಗಳ ನೋವನ್ನು ಕುರಿತು ಕೆಲಸ ಮಾಡುತ್ತಿದ್ದ ಮನೋವಿಜ್ಞಾನಿ. ಸುಟ್ಟಗಾಯವನ್ನು ದಿನದಿನವೂ ತೊಳೆಯಬೇಕು; ಚರ್ಮ ಬಿಗಿಯದಂತೆ ಅಂಗವನ್ನು ದಿನದಿನವೂ ಚಾಚಿಸಬೇಕು. ಮಾರ್ಫೀನ್ ಕೊಟ್ಟರೂ ಆ ಹೊತ್ತಿನ ಯಾತನೆ ಅಡಗುತ್ತಿರಲಿಲ್ಲ. ೨೦೦೦ದಲ್ಲಿ ಅವರು ೧೬ ಮತ್ತು ೧೭ ವಯಸ್ಸಿನ ಇಬ್ಬರು ಹುಡುಗರ ಅನುಭವವನ್ನು ಪ್ರಕಟಿಸಿದರು. ಗಾಯದ ಆರೈಕೆಯ ಸ್ವಲ್ಪ ಹೊತ್ತು ಹುಡುಗರು ಸಾಮಾನ್ಯ ವಿಡಿಯೋ ಆಟ ಆಡಿದರು, ಸ್ವಲ್ಪ ಹೊತ್ತು ಶಿರಸ್ತ್ರಾಣ ಧರಿಸಿದರು. ಅವರು ಅದರಲ್ಲಿ ಕಂಡದ್ದು ಒಂದು ಅಡುಗೆಮನೆ. ಜೇಡರ ಹುಳುವನ್ನು ಕಂಡರೆ ನಡುಗುವವರ ಭಯವನ್ನು ಬಿಡಿಸಲೆಂದು ಮೊದಲೇ ರಚಿಸಿದ್ದ ದೃಶ್ಯ ಅದು. ಆದರೂ ವಿಡಿಯೋ ಆಟಕ್ಕಿಂತ ಅದರಲ್ಲಿ ನೋವು ಬಹಳ ಕಡಿಮೆಯಾಯಿತು.

ಬಳಿಕ ಬೆಂದ ಮೈಗೆ ತಕ್ಕುದಾದ ಲೋಕವನ್ನೇ ಅವರು ಕಟ್ಟಿದರು. ‘ಸ್ನೋವರ್ಲ್ಡ್’ ಎಂಬ ಈ ಹಿಮಲೋಕದಲ್ಲಿ ರೋಗಿ ನೀಲಿ ಮಂಜುಗಡ್ಡೆಯ ಕಣಿವೆಯೊಂದರೊಳಗೆ ತೇಲುತ್ತ ಹೋಗುತ್ತಾನೆ. ಇಕ್ಕೆಲಗಳಲ್ಲಿಯೂ ಹಿಮದ ಗೊಂಬೆಗಳು, ಪೆಂಗ್ವಿನ್ ಹಕ್ಕಿಗಳು, ಉದ್ದ ಕೂದಲಿನ ಮ್ಯಾಮತ್ ಆನೆಗಳು. ಅವುಗಳತ್ತ ಹಿಮದ ಉಂಡೆಗಳನ್ನು ಎಸೆಯುವುದೇ ಅವನ ಕೆಲಸ. ೨೦೦೪ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರೋಗ್ಯವಂತರ ಪಾದಕ್ಕೆ ನೋಯುವಷ್ಟು ಬಿಸಿ ತಗುಲಿಸಿ, ಅವರು ಕಾಂತೀಯ ಚಿತ್ರಣದ ಯಂತ್ರದೊಳಗೆ ಮಲಗಿರುವಂತೆಯೇ ಈ ಆಟವನ್ನು ಆಡಿಸಿದರು. ಅಲ್ಲಿ ಲೋಹ ಸಲ್ಲದಾದ್ದರಿಂದ ಚಿತ್ರವನ್ನು ಗಾಜಿನ ಎಳೆಗಳ ಮೂಲಕ ಕಣ್ಣಿಗೆ ಒಯ್ಯುವ ಕನ್ನಡಕವನ್ನೇ ಬೇರೆಯಾಗಿ ಮಾಡಬೇಕಾಯಿತು. ಮಿದುಳಿನಲ್ಲಿ ನೋವಿಗೆ ಸಂಬಂಧಿಸಿದ ಐದು ಭಾಗಗಳ ಚಟುವಟಿಕೆ ಆಟದ ಹೊತ್ತಿನಲ್ಲಿ ತಗ್ಗಿತು. ನೋವು ಕಡಿಮೆಯೆಂದು ರೋಗಿಗಳು ವೈದ್ಯರ ಮನಸ್ಸಂತೋಷಕ್ಕೆ ಹೇಳುತ್ತಿದ್ದಾರೆಂಬ ಶಂಕೆಗೆ ಇದು ಒಳ್ಳೆಯ ಉತ್ತರವಾಯಿತು.

ಮಂಡಿಯ ರೋಗಿಯ ದೃಷ್ಟಿಯಿಂದ ನೋಡಿದರೆ ಇದಕ್ಕಿಂತಲೂ ಮುಖ್ಯವಾದದ್ದು ಅದೇ ತಂಡ ೨೦೦೦ದಲ್ಲಿ ಮಾಡಿದ ಇನ್ನೊಂದು ಸಣ್ಣ ಪರೀಕ್ಷೆ. ೧೨ ಮಂದಿ ಸುಟ್ಟಗಾಯದ ರೋಗಿಗಳು ಗಾಯಗೊಂಡ ಕೈಕಾಲುಗಳನ್ನು ಬಾಗಿಸಿ ಚಾಚುವ ವ್ಯಾಯಾಮವನ್ನು ೩ ನಿಮಿಷ ಕನ್ನಡಕವಿಲ್ಲದೆ, ೩ ನಿಮಿಷ ಕನ್ನಡಕದೊಡನೆ ಮಾಡಿದರು. ಹನ್ನೆರಡು ಮಂದಿಗೂ ಎರಡನೆಯ ಬಗೆಯಲ್ಲಿ ನೋವು ಕಡಿಮೆಯೆನಿಸಿತು. ಸುಮ್ಮನೆ ಮಲಗಿದ ರೋಗಿಯನ್ನು ರಂಜಿಸುವುದು ಒಂದು ಮಾತು. ನೋಯುವ ಅಂಗವನ್ನು ಅವನೇ ಅಲುಗಿಸುವಂತೆ ಮಾಡುವುದು ಬೇರೆಯೇ ಮಾತು. ಹೊಸ ಮಂಡಿಗೆ ಬೇಕಾದದ್ದು ಎರಡನೆಯದು.

ಅಲ್ಲಿಂದ ಈಚೆಗೆ ಈ ಸಾಧನ ಮಂಡಿಯ ವಾರ್ಡಿಗೂ ಕಾಲಿಟ್ಟಿದೆ. ಚೀನಾದಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಮಂಡಿ ಬದಲಾಯಿಸಿಕೊಂಡ ೬೬ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪು ವಾಡಿಕೆಯ ವ್ಯಾಯಾಮ ಮಾಡಿತು. ಇನ್ನೊಂದು ಗುಂಪಿನವರು ಕನ್ನಡಕದೊಳಗೆ ದೋಣಿಯಲ್ಲಿ ಕುಳಿತರು. ಮಂಡಿಯನ್ನು ಮಡಿಸಿ ಚಾಚಿದರೆ ದೋಣಿ ಸಾಗುತ್ತದೆ. ಈ ಗುಂಪಿನವರ ನೋವು ಕಡಿಮೆಯೆಂದೂ ಮಂಡಿಯ ಚಲನೆ ಹೆಚ್ಚೆಂದೂ ವರದಿಯಾಯಿತು. ಉಪಾಯದ ಜಾಣತನವನ್ನು ಗಮನಿಸಬೇಕು. ಹಿಮಲೋಕದಲ್ಲಿ ಗಮನ ಗಾಯದಿಂದ ದೂರ ಓಡುತ್ತದೆ; ದೋಣಿಯಲ್ಲಾದರೋ ನೋಯುವ ಮಂಡಿಯೇ ಹುಟ್ಟು. ಆದರೆ ರೋಗಿಯ ಚಿತ್ತವಿರುವುದು ಮಂಡಿಯಲ್ಲಲ್ಲ, ಎದುರಿನ ದಡದಲ್ಲಿ. ಎಷ್ಟು ಡಿಗ್ರಿ ಎಂದು ಅವನು ಕೇಳುವುದಿಲ್ಲ, ಎಷ್ಟು ದೂರ ಎಂದು ಕೇಳುತ್ತಾನೆ.

ಇಷ್ಟನ್ನು ಓದಿ, ಇನ್ನು ಮಾತ್ರೆಗಳ ಕಾಲ ಮುಗಿಯಿತು ಎಂದು ಹಿಗ್ಗುವುದು ಸರಿಯಲ್ಲ. ಮಂಡಿಯ ಮೇಲೆ ನಡೆದಿರುವ ಪರೀಕ್ಷೆಗಳಲ್ಲಿ ಹೆಚ್ಚಿನವು ಚಿಕ್ಕವು, ಒಂದಕ್ಕೊಂದು ಹೊಂದದಂಥವು. ಒಂದೆಡೆ ಕನ್ನಡಕ, ಇನ್ನೊಂದೆಡೆ ಬರಿಯ ಪರದೆಯ ಆಟ. ಒಂದೆಡೆ ಮೊದಲ ವಾರ, ಇನ್ನೊಂದೆಡೆ ಮೂರನೆಯ ತಿಂಗಳು. ಕೆಲವದರಲ್ಲಿ ಲಾಭ ಕಂಡಿದೆ, ಕೆಲವದರಲ್ಲಿ ವಾಡಿಕೆಯ ವ್ಯಾಯಾಮಕ್ಕಿಂತ ಹೆಚ್ಚೇನೂ ಕಂಡಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮಾತ್ರೆಯನ್ನು ಪರೀಕ್ಷಿಸುವಾಗ ಅರ್ಧ ಜನಕ್ಕೆ ಸುಳ್ಳು ಮಾತ್ರೆ ಕೊಟ್ಟು, ಯಾರು ಯಾವುದನ್ನು ನುಂಗಿದರೆಂದು ರೋಗಿಗೂ ವೈದ್ಯನಿಗೂ ತಿಳಿಯದಂತೆ ಮಾಡಬಹುದು. ಹಿಮದ ಕಣಿವೆಯನ್ನು ಕಂಡವನಿಗೆ ತಾನು ಕಂಡದ್ದು ತಿಳಿಯದಂತೆ ಮಾಡುವುದು ಹೇಗೆ? ಹೊಸ ವಸ್ತುವಿನ ಬೆರಗು, ಜೊತೆಯಲ್ಲಿ ನಿಂತವರ ಉಪಚಾರ, ಇವೂ ನೋವನ್ನು ತುಸು ತಗ್ಗಿಸುತ್ತವೆ.

ಇದಕ್ಕೆ ಪರಿಹಾರವಾಗಿ ಸುಳ್ಳು ಕನ್ನಡಕಗಳನ್ನೇ ಬಳಸಿದವರಿದ್ದಾರೆ. ಹಳೆಯ ಸೊಂಟನೋವಿನ ೧೭೯ ರೋಗಿಗಳಲ್ಲಿ ಕೆಲವರು ೮ ವಾರ ನಿಜವಾದ ಮಿಥ್ಯಾವಾಸ್ತವವನ್ನೂ ಉಳಿದವರು ಅದೇ ಕನ್ನಡಕದಲ್ಲಿ ಚಪ್ಪಟೆ ಚಿತ್ರವನ್ನೂ ನೋಡಿದರು. ನೋವು ನೂರಕ್ಕೆ ೩೦ಕ್ಕಿಂತ ಹೆಚ್ಚು ಇಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ ೬೬, ಎರಡನೆಯದರಲ್ಲಿ ೪೧. ಇದನ್ನು ಆಧರಿಸಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೨೧ರ ನವೆಂಬರಿನಲ್ಲಿ ಆ ಸಾಧನಕ್ಕೆ ಮನ್ನಣೆ ಕೊಟ್ಟಿತು. ಚಪ್ಪಟೆ ಚಿತ್ರವೂ ನೂರಕ್ಕೆ ೪೧ ಮಂದಿಗೆ ಫಲ ಕೊಟ್ಟದ್ದನ್ನು ಓದುಗರು ಗಮನಿಸದೆ ಬಿಡಬಾರದ ಸಂಗತಿ. ಲಾಸ್ ಏಂಜಲಿಸ್ ನಗರದ ಆಸ್ಪತ್ರೆಯೊಂದು ೨೦೧೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ನಾನಾ ಕಾಯಿಲೆಗಳಿಂದ ಮಲಗಿದ್ದ ೧೨೦ ಮಂದಿಯಲ್ಲಿ ಅರ್ಧ ಜನರಿಗೆ ಕನ್ನಡಕ, ಅರ್ಧ ಜನರಿಗೆ ಟೆಲಿವಿಷನ್ ದೊರಕಿತು. ಹತ್ತರ ಅಳತೆಯಲ್ಲಿ ನೋವು ಮೊದಲಿನವರಲ್ಲಿ ೧.೭ರಷ್ಟು, ಟೆಲಿವಿಷನ್ ನೋಡಿದವರಲ್ಲಿ ೦.೫ರಷ್ಟು ಇಳಿಯಿತು. ನೋವು ೭ ಅಥವಾ ಅದಕ್ಕೂ ಹೆಚ್ಚಿದ್ದವರಲ್ಲಿ ಲಾಭವೂ ಹೆಚ್ಚು, ಸುಮಾರು ೩. ಮಂಡಿಯ ರೋಗಿ ಮೊದಲ ವ್ಯಾಯಾಮದಲ್ಲಿ ಅನುಭವಿಸುವುದು ಈ ಮಟ್ಟದ ನೋವನ್ನೇ ಆದ್ದರಿಂದ ಇದು ಭರವಸೆ ಕೊಡುವ ಅಂಕಿ. ಆದರೆ ಇವೆರಡೂ ಮಂಡಿಯ ಪರೀಕ್ಷೆಗಳಲ್ಲ.

ಕನ್ನಡಕವನ್ನು ಬಿಚ್ಚಿದ ಮೇಲೆ ಏನು? ಆಟದ ಹೊತ್ತಿನ ಲಾಭ ಬಹುಪಾಲು ಆಟದೊಡನೆಯೇ ಇಳಿಯುತ್ತದೆ. ರಾತ್ರಿ ಎರಡು ಗಂಟೆಗೆ ನೋವಿನಿಂದ ಎಚ್ಚರಗೊಂಡವನಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ, ಆಗ ಮಾತ್ರೆಯೇ ಬೇಕು. ಶಸ್ತ್ರಕ್ರಿಯೆಯಾದ ಹಲವು ತಿಂಗಳ ಮೇಲೂ ಐವರಲ್ಲಿ ಒಬ್ಬರಿಗೆ ಉಳಿದುಬಿಡುವ ಮಂಡಿನೋವಿಗೆ ಬೇರೆ ಕಾರಣಗಳಿವೆ. ಅದನ್ನು ಈ ಸಾಧನದ ಲೆಕ್ಕಕ್ಕೆ ಸೇರಿಸುವಂತಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ದಿನಕ್ಕೆ ಎರಡು ಸಲ, ಹತ್ತು ಹದಿನೈದು ನಿಮಿಷ ವ್ಯಾಯಾಮದ ಕೆಟ್ಟ ಗಳಿಗೆಯನ್ನು ದಾಟಿಸುವ ದೋಣಿ ಎಂದು ಇದನ್ನು ಎಣಿಸಿದರೆ ನಿರಾಶೆಯಾಗುವುದಿಲ್ಲ. ಮಾರ್ಫೀನಿಗೆ ಬದಲಿ ಎಂದು ಎಣಿಸಿದರೆ ಆಗುತ್ತದೆ.

ಜಾಗ್ರತೆ ವಹಿಸಬೇಕಾದ ವಿಷಯಗಳೂ ಉಂಟು. ಅರಿವಳಿಕೆಯಿಂದಲೇ ಹೊಟ್ಟೆ ತೊಳಸುತ್ತಿರುವ ರೋಗಿಗೆ ಓಲಾಡುವ ದೃಶ್ಯವನ್ನು ತೋರಿಸಬಾರದು. ಮೂರ್ಛೆರೋಗವುಳ್ಳವರಿಗೂ, ಶಸ್ತ್ರಕ್ರಿಯೆಯ ನಂತರ ಹಗಲಿರುಳು ತಿಳಿಯದಂತೆ ಗಲಿಬಿಲಿಗೊಂಡ ವೃದ್ಧರಿಗೂ ಇದು ತಕ್ಕುದಲ್ಲ. ಕನ್ನಡಕ ತೊಟ್ಟವನು ಕುಳಿತೇ ಇರಬೇಕು. ಕಾಣದ ನೆಲದ ಮೇಲೆ ಎದ್ದು ನಿಲ್ಲಲು ಹೋಗಿ ಬಿದ್ದರೆ ಹೊಸ ಮಂಡಿಯ ಗತಿಯೇನು? ಒಬ್ಬರು ತೊಟ್ಟದ್ದನ್ನು ಚೆನ್ನಾಗಿ ಶುಚಿಮಾಡದೆ ಮತ್ತೊಬ್ಬರಿಗೆ ತೊಡಿಸುವಂತಿಲ್ಲ. ಇವೆಲ್ಲವನ್ನೂ ನೋಡಿಕೊಳ್ಳಲು ಪಕ್ಕದಲ್ಲಿ ಫಿಸಿಯೋಥೆರಪಿಸ್ಟರು ಇರಲೇಬೇಕು. ಮಂಡಿ ಎಲ್ಲಿಯವರೆಗೆ ಬಾಗಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತಿಳಿದಿರುವುದು ಅವರ ಕೈಯೇ ಹೊರತು ಯಂತ್ರವಲ್ಲ. ಗಮನವನ್ನು ಕದ್ದ ಮೇಲೆ, ‘ಇಲ್ಲಿಗೆ ಸಾಕು’ ಎಂದು ನೋವು ಕೊಡುವ ಎಚ್ಚರಿಕೆಯೂ ಮಂದವಾಗುತ್ತದಲ್ಲವೆ?

ಆದರೆ ಫಿಸಿಯೋಥೆರಪಿಸ್ಟರು ಪ್ರತಿದಿನ ಮನೆಗೆ ಬರಲಾರರು. ಅಮೆರಿಕದಲ್ಲಿ ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಮಂಡಿ ಬದಲಾಯಿಸಿಕೊಂಡ ೩೦೬ ಮಂದಿಯನ್ನು ಅದಕ್ಕೆ ಸೇರಿಸಿಕೊಂಡಿದ್ದರು. ಅವರಲ್ಲಿ ಅರ್ಧದಷ್ಟು ಜನ ಮನೆಯಲ್ಲಿಯೇ ಒಂದು ಪರದೆಯ ಮುಂದೆ ವ್ಯಾಯಾಮ ಮಾಡಿದರು. ಕ್ಯಾಮರಾ ಅವರ ಚಲನೆಯನ್ನು ಅಳೆಯಿತು, ಪರದೆಯ ಮೇಲಿನ ಗೊಂಬೆ ವ್ಯಾಯಾಮವನ್ನು ಮಾಡಿ ತೋರಿಸಿತು, ದೂರದಲ್ಲಿದ್ದ ಚಿಕಿತ್ಸಕರು ಲೆಕ್ಕವನ್ನು ನೋಡಿಕೊಂಡರು. ಮಂಡಿಯ ಚಲನೆಯಲ್ಲಿ ಇವರು ಉಳಿದವರಿಗಿಂತ ಹಿಂದೆ ಬೀಳಲಿಲ್ಲ, ಖರ್ಚು ಮಾತ್ರ ಕಡಿಮೆಯಾಯಿತು. ಕಣ್ಣು ಮುಚ್ಚುವ ಕನ್ನಡಕ ಇದರಲ್ಲಿರಲಿಲ್ಲ. ಆದರೆ ಎರಡನ್ನೂ ಬೆಸೆಯುವುದು ಕಷ್ಟದ ಕೆಲಸವಲ್ಲ. ಸಿಯಾಟಲ್ಲಿನ ಮೊದಲ ಶಿರಸ್ತ್ರಾಣಗಳು ದೊಡ್ಡ ಪ್ರಯೋಗಶಾಲೆಗಳಿಗೆ ಮಾತ್ರ ಎಟುಕುತ್ತಿದ್ದವು. ೨೦೧೬ರಲ್ಲಿ ಆಟದ ಕನ್ನಡಕವೊಂದು, ಅದನ್ನು ನಡೆಸುವ ಗಣಕಯಂತ್ರವನ್ನು ಬಿಟ್ಟು, ೫೯೯ ಡಾಲರಿಗೆ ಅಂಗಡಿಗೆ ಬಂತು.

ಈಗ ಕೊರತೆಯಿರುವುದು ಕನ್ನಡಕಕ್ಕಲ್ಲ, ಅದರೊಳಗೆ ತೋರಿಸಬೇಕಾದ ಲೋಕಕ್ಕೆ. ಹಿಮವನ್ನು ಕಣ್ಣಿನಿಂದ ಕಂಡಿರದ ರಾಯಚೂರಿನ ಅಜ್ಜಿಗೆ ಪೆಂಗ್ವಿನ್ ಹಕ್ಕಿಗೆ ಉಂಡೆ ಎಸೆಯುವುದರಲ್ಲಿ ಏನು ರುಚಿ ಹತ್ತೀತು? ಹೊಲಿಗೆಯ ಯಂತ್ರವನ್ನು ತುಳಿಯುವುದು, ಜಾತ್ರೆಯ ದಾರಿಯಲ್ಲಿ ಸೈಕಲ್ಲು ಹೊಡೆಯುವುದು, ಇಂಥ ಕೆಲಸಗಳಲ್ಲಿ ಮಂಡಿ ತಾನಾಗಿಯೇ ಬಾಗುತ್ತದೆ. ದೃಶ್ಯ ರೋಗಿಗೆ ಪರಿಚಿತವಾಗಿರಬೇಕೆ, ಅಥವಾ ಅಪೂರ್ವವಾಗಿದ್ದಷ್ಟೂ ಗಮನವನ್ನು ಚೆನ್ನಾಗಿ ಸೆಳೆದೀತೆ? ಎಷ್ಟು ನಿಮಿಷ, ಎಷ್ಟನೆಯ ದಿನದಿಂದ ಎಷ್ಟನೆಯ ದಿನದವರೆಗೆ? ಗಣಕಯಂತ್ರದ ಕ್ರಮವಿಧಿಯನ್ನು ಬರೆಯಬಲ್ಲ ವಿದ್ಯಾರ್ಥಿಯೂ ಮಂಡಿಯ ವಾರ್ಡಿನ ಫಿಸಿಯೋಥೆರಪಿಸ್ಟರೂ ಒಂದೇ ಮೇಜಿನ ಮುಂದೆ ಕುಳಿತರೆ ಪರೀಕ್ಷಿಸಬಹುದಾದ ಪ್ರಶ್ನೆಗಳು ಇವು.